ಅಂಟು ಹಿಡಿಯದ ಟೂಲ್ ಬಾಕ್ಸ್

ಶನಿವಾರ

ಟೂಲ್ ಬಾಕ್ಸ್ ಮೆಟ್ಟಿಲ ಮೇಲಿಂದ ಉರುಳಿತು. ತಪ್ಪು ನನ್ನದೇ. ಒಂದು ಕೈಯಲ್ಲಿ ಏಣಿ, ಇನ್ನೊಂದು ಕೈಯಲ್ಲಿ ಪೆಟ್ಟಿಗೆ ಹಿಡಿದು ಇಳಿಯಲು ಹೋದೆ. ದಡಬಡ ಅಂತ ಹತ್ತು ಮೆಟ್ಟಿಲು ಉರುಳಿ ನೆಲ ಮುಟ್ಟುವಾಗ ಸುತ್ತಿಗೆ ಒಂದು ಕಡೆ, ಸ್ಪ್ಯಾನರ್‌ಗಳು ಇನ್ನೊಂದು ಕಡೆ.

ಎಲ್ಲ ಹೆಕ್ಕಿ ತಂದು ಮೇಜಿನ ಮೇಲಿಟ್ಟು ನೋಡಿದೆ. ಪೆಟ್ಟಿಗೆಯ ಮೈಯಲ್ಲಿ ಕೆಳಮೂಲೆಯಿಂದ ಮೇಲಕ್ಕೆ ಗೇಣುದ್ದ ಬಿರುಕು. ಹಿಂಭಾಗದಲ್ಲಿ ಹಿಂಜ್ ಕೂರುವ ಮೂಲೆ ಪುಡಿಪುಡಿ. ಮೇಲಿನ ಪಾರದರ್ಶಕ ಟ್ರೇಯ ಮುಚ್ಚಳ ಮೂರು ಹೋಳು. ಕಪ್ಪು ಹಿಡಿಯ ಒಂದು ಕಿವಿ ಮುರಿದಿದೆ. ಚಿಲಕದ ಪಿನ್ ತುಂಡಾಗಿದೆ.

ಎಲ್ಲ ಪ್ಲಾಸ್ಟಿಕ್ಕೇ ಅಲ್ವಾ, ಒಂದು ಟ್ಯೂಬ್ ಸೂಪರ್ ಗ್ಲೂ ಸಾಕು ಅಂದುಕೊಂಡೆ. ಆ ಅಂದಾಜು ಎಷ್ಟು ತಪ್ಪಿತು ಅನ್ನುವುದೇ ಈ ಬರಹ.

ಬಿರುಕನ್ನು ಒರೆಸಿ, ಅಂಟು ಹಾಕಿ, ಎರಡು ನಿಮಿಷ ಒತ್ತಿ ಹಿಡಿದೆ. ಗಟ್ಟಿಯಾಗಿ ಕೂತಂತೆ ಕಂಡಿತು. ಸಂಜೆ ಪೆಟ್ಟಿಗೆ ಎತ್ತಿದ ಕೂಡಲೇ ‘ಟಕ್’ ಅಂದಿತು. ಅಂಟು ಮುರಿದಿರಲಿಲ್ಲ. ಗಾಜಿನ ಹಾಳೆಯಂತೆ ಇಡಿಯಾಗಿ ಎದ್ದು ಬಂದಿತ್ತು. ಪ್ಲಾಸ್ಟಿಕ್ ಮೇಲೆ ಒಂದು ಕಲೆಯೂ ಇಲ್ಲ. ಅಂಟಿನ ಶಕ್ತಿ ಕಡಿಮೆಯಾಗಿದ್ದರೆ ಎರಡೂ ಕಡೆ ಸ್ವಲ್ಪ ಸ್ವಲ್ಪ ಉಳಿಯಬೇಕಿತ್ತು. ಇಲ್ಲಿ ಅಂಟು ಗಟ್ಟಿಯಾಗಿಯೇ ಇತ್ತು, ಹಿಡಿದುಕೊಳ್ಳಲು ಅದಕ್ಕೆ ಏನೂ ಸಿಕ್ಕಿರಲಿಲ್ಲ.

ಇದರ ಜೊತೆಗೆ ಇನ್ನೊಂದು ಎಡವಟ್ಟು. ಸೋರಿದ ಅಂಟನ್ನು ಹತ್ತಿಯಲ್ಲಿ ಒರೆಸಿದೆ. ಹತ್ತಿ ಹೊಗೆಯಾಡಿತು, ಬೆರಳು ಚುರ್ ಅಂದಿತು. ದಯವಿಟ್ಟು ಇದನ್ನು ಮಾಡಬೇಡಿ. ಸೂಪರ್ ಗ್ಲೂ ಅಂದರೆ ಈಥೈಲ್ ಸಯನೋಅಕ್ರಿಲೇಟ್. ಅದರ ಅಣುವಿನಲ್ಲಿ ಎರಡು ಕಾರ್ಬನ್‌ಗಳ ನಡುವೆ ಒಂದು ದ್ವಿಬಂಧ ಇದೆ. ಅದರ ಒಂದೇ ತುದಿಗೆ ನೈಟ್ರೈಲ್ (ಕಾರ್ಬನ್–ನೈಟ್ರೋಜನ್ ಜೋಡಿ), ಎಸ್ಟರ್ (ಆಕ್ಸಿಜನ್ ಹೊತ್ತದ್ದು) ಅನ್ನುವ ಪರಮಾಣು ಗುಂಪುಗಳೆರಡೂ ಅಂಟಿಕೊಂಡು ಎಲೆಕ್ಟ್ರಾನ್‌ಗಳನ್ನು ತಮ್ಮ ಕಡೆ ಎಳೆಯುತ್ತಿರುತ್ತವೆ. ಹಾಗಾಗಿ ಆ ದ್ವಿಬಂಧ ಯಾವಾಗ ಬಿಚ್ಚೋಣ ಅಂತ ಕಾಯುತ್ತಿರುತ್ತದೆ. ಗಾಳಿಯಿಂದ ಮೇಲ್ಮೈಗೆ ಬಂದು ಕೂತ ತೆಳುವಾದ ನೀರಿನ ಪದರ ಸಾಕು, ಸರಪಳಿ ಶುರು. ಒಂದು ಅಣು ಇನ್ನೊಂದನ್ನು, ಅದು ಮತ್ತೊಂದನ್ನು ಹಿಡಿದು ಕ್ಷಣದಲ್ಲಿ ಉದ್ದನೆಯ ಸರಪಳಿ, ಅಂದರೆ ಪಾಲಿಮರ್. ಪ್ರತಿ ಕೊಂಡಿಗೂ ಒಂದಿಷ್ಟು ಶಾಖ ಹೊರಬರುತ್ತದೆ. ಹತ್ತಿಯ ಎಳೆಗಳಲ್ಲಿ ತೇವವೂ ಇದೆ, ಮೇಲ್ಮೈಯೂ ವಿಪರೀತ ಜಾಸ್ತಿ. ಎಲ್ಲ ಒಟ್ಟಿಗೆ ನಡೆದುಹೋಗಿ ಬಿಸಿ ಏರುತ್ತದೆ.

ಈ ಅಂಟು ಹುಟ್ಟಿದ್ದೂ ಕಿರಿಕಿರಿಯಿಂದಲೇ. ಎರಡನೇ ಮಹಾಯುದ್ಧದ ಕಾಲದಲ್ಲಿ ಕೊಡಾಕ್ ಕಂಪನಿಯಲ್ಲಿ ಹ್ಯಾರಿ ಕೂವರ್ ಅವರ ತಂಡ ಬಂದೂಕಿನ ಗುರಿಕನ್ನಡಿಗೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿತ್ತು. ಈ ರಾಸಾಯನಿಕ ಮುಟ್ಟಿದ್ದಕ್ಕೆಲ್ಲ ಅಂಟುತ್ತದೆ ಅಂತ ಬದಿಗಿಟ್ಟರು. 1951ರಲ್ಲಿ ಮತ್ತೆ ಕಣ್ಣಿಗೆ ಬಿತ್ತು. 1958ರಲ್ಲಿ ಮಾರಾಟಕ್ಕೆ ಬಂತು. ಮುಟ್ಟಿದ್ದಕ್ಕೆಲ್ಲ ಅಂಟುವ ಅಂಥ ವಸ್ತು ನನ್ನ ಪೆಟ್ಟಿಗೆಗೆ ಮಾತ್ರ ಅಂಟಲಿಲ್ಲ.

ಅಕ್ಕನ ಮಗಳು ಪಕ್ಕದಲ್ಲೇ ಕೂತು ಕಾರ್ಬನಿಕ ರಸಾಯನಶಾಸ್ತ್ರ ಓದುತ್ತಿದ್ದಳು. ಆಲ್ಕೋಹಾಲ್, ಆಲ್ಡಿಹೈಡ್, ಕೀಟೋನ್, ಆಮ್ಲ ಅಂತ ಕ್ರಿಯಾತ್ಮಕ ಗುಂಪುಗಳನ್ನು, ಅಂದರೆ ಅಣುವಿನ ಸ್ವಭಾವ ನಿರ್ಧರಿಸುವ ಪರಮಾಣುಗಳ ಪುಟ್ಟ ಗುಂಪುಗಳನ್ನು, ಬಾಯಿಪಾಠ ಮಾಡುತ್ತಾ ಇದ್ದವಳು ಪೆಟ್ಟಿಗೆಯ ತಳ ತಿರುಗಿಸಿ ನೋಡಿದಳು. ತ್ರಿಕೋನದೊಳಗೆ 5, ಕೆಳಗೆ ‘ಪಿಪಿ’ ಅಂತ ಅಚ್ಚು.

“ಮಾಮ, ಇದು ಪಾಲಿಪ್ರೊಪಿಲೀನ್. ಇದಕ್ಕೆ ಗುಂಪೇ ಇಲ್ಲವಲ್ಲ, ಅಂಟು ಯಾವುದನ್ನ ಹಿಡ್ಕೊಳ್ಳುತ್ತೆ?”

ನನ್ನ ಅರ್ಧ ದಿನದ ಕೆಲಸಕ್ಕೆ ಅವಳು ಒಂದೇ ಸಾಲಿನಲ್ಲಿ ಉತ್ತರ ಕೊಟ್ಟಿದ್ದಳು.

ಕೊಕ್ಕೆ ಇರುವವು, ಕೊಕ್ಕೆ ಇಲ್ಲದವು

ಕೆಲಸ ನಿಲ್ಲಿಸಿ ಸ್ವಲ್ಪ ಯೋಚನೆ ಮಾಡಬೇಕಾಯಿತು.

ಕಾರ್ಬನ್ ಮತ್ತು ಹೈಡ್ರೋಜನ್ ಮಾತ್ರ ಇರುವ ಸರಪಳಿಯನ್ನು ಒಂದು ನುಣುಪಾದ ಹಗ್ಗ ಅಂದುಕೊಳ್ಳಿ. ಉದ್ದ ಹೆಚ್ಚಾದಂತೆ ಅದರ ರೂಪ ಬದಲಾಗುತ್ತದೆ. ಮೂರು ನಾಲ್ಕು ಕಾರ್ಬನ್ ಇದ್ದರೆ ಸಿಲಿಂಡರ್‌ನ ಗ್ಯಾಸ್. ಇಪ್ಪತ್ತರಿಂದ ನಲವತ್ತು ಇದ್ದರೆ ಮೇಣದ ಬತ್ತಿ. ಸಾವಿರಗಟ್ಟಲೆ ಇದ್ದರೆ ಪಾಲಿಥೀನ್. ಆದರೆ ಸ್ವಭಾವ ಒಂದೇ. ನೀರು ಅಂದರೆ ಆಗುವುದಿಲ್ಲ, ಯಾರ ಗೊಡವೆಯೂ ಬೇಡ.

ಈಗ ಆ ಹಗ್ಗಕ್ಕೆ ಒಂದು ಕೊಕ್ಕೆ ಸಿಕ್ಕಿಸಿ. ಎರಡು ಕಾರ್ಬನ್‌ನ ಈಥೇನ್ ಕುದಿಯುವುದು ಸುಮಾರು ಮೈನಸ್ 89 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದರ ಒಂದು ಹೈಡ್ರೋಜನ್ ಜಾಗಕ್ಕೆ ಆಕ್ಸಿಜನ್–ಹೈಡ್ರೋಜನ್ ಜೋಡಿ, ಅಂದರೆ ಹೈಡ್ರಾಕ್ಸಿಲ್ ಗುಂಪು ಬಂದರೆ ಎಥನಾಲ್. ಅದು ಕುದಿಯುವುದು 78 ಡಿಗ್ರಿಗೆ, ನೀರಿನಲ್ಲಿ ಎಷ್ಟು ಬೇಕಾದರೂ ಬೆರೆಯುತ್ತದೆ. ಅದೇ ತುದಿಯನ್ನು ಇನ್ನೂ ಆಕ್ಸಿಡೀಕರಿಸಿ ಕಾರ್ಬಾಕ್ಸಿಲ್ ಗುಂಪು ಮಾಡಿದರೆ ಅಸಿಟಿಕ್ ಆಮ್ಲ, 118 ಡಿಗ್ರಿ. ಕಾರ್ಬನ್ ಮೂರರಲ್ಲೂ ಎರಡೇ. ಬದಲಾಗಿದ್ದು ಕೊಕ್ಕೆ ಮಾತ್ರ. ಕೊಕ್ಕೆ ಇದ್ದರೆ ಅಣುಗಳು ಒಂದನ್ನೊಂದು ಬಿಡುವುದಿಲ್ಲ, ಅಂಟೂ ಅದನ್ನೇ ಹಿಡಿದುಕೊಳ್ಳುತ್ತದೆ.

ಪಾಲಿಪ್ರೊಪಿಲೀನ್ ಹಗ್ಗದ ಮೇಲೆ ಇರುವುದು ಕಾರ್ಬನ್ ಮತ್ತು ಮೂರು ಹೈಡ್ರೋಜನ್‌ನ ಮೀಥೈಲ್ ಮೊಳಕೆಗಳು ಮಾತ್ರ. ಅವು ಕೊಕ್ಕೆಗಳಲ್ಲ, ನುಣ್ಣನೆಯ ಗುಬಟೆಗಳು. ಹನಿ ನೀರು ಹಾಕಿ ನೋಡಿದೆ. ಮುತ್ತಿನಂತೆ ಗುಂಡಗೆ ನಿಂತಿತು. ನೀರೇ ಹರಡದ ಕಡೆ ಅಂಟು ಹೇಗೆ ಹರಡೀತು?

ಭಾನುವಾರ: ಯಾವುದು ಯಾವ ಪ್ಲಾಸ್ಟಿಕ್

ಹೀಗಾದರೆ ಉಳಿದ ತುಂಡುಗಳನ್ನೂ ಸುಮ್ನೆ ಪ್ಲಾಸ್ಟಿಕ್ ಅಂತ ಕರೆದರೆ ಆಗದು. ತ್ರಿಕೋನದೊಳಗಿನ 1ರಿಂದ 7ರ ಗುರುತು 1988ರಲ್ಲಿ ಶುರುವಾಗಿದ್ದು. ಟ್ರೇಯ ತಳದಲ್ಲಿ 6 ಇತ್ತು, ಪಾಲಿಸ್ಟೈರೀನ್. ಹಿಡಿ ಮತ್ತು ಪಿನ್ ಮೇಲೆ ಏನೂ ಇರಲಿಲ್ಲ.

ಮೊದಲು ತೇಲಿಸುವ ಪರೀಕ್ಷೆ. ಎರಡು ಗಾಜಿನ ಲೋಟ. ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಲೀಟರಿಗೆ 120 ಗ್ರಾಂ ಉಪ್ಪು ಕರಗಿಸಿದ ನೀರು, ಅದರ ಸಾಂದ್ರತೆ 1.08ರ ಹತ್ತಿರ. ಎರಡಕ್ಕೂ ಒಂದೊಂದು ಹನಿ ಪಾತ್ರೆ ತೊಳೆಯುವ ಸೋಪು. ಇಲ್ಲದಿದ್ದರೆ ಗಾಳಿಗುಳ್ಳೆ ಅಂಟಿಕೊಂಡು ಮುಳುಗಬೇಕಾದ ಚೂರೂ ತೇಲುತ್ತದೆ. ಪ್ರತಿ ಭಾಗದಿಂದ ಉಗುರಿನಷ್ಟು ಚೂರು ಕತ್ತರಿಸಿ ಹಾಕಿದೆ.

ಪೆಟ್ಟಿಗೆಯ ಮೈ ಬರೀ ನೀರಿನಲ್ಲೇ ತೇಲಿತು. ಪಾಲಿಪ್ರೊಪಿಲೀನ್ ಸಾಂದ್ರತೆ 0.90ರ ಆಸುಪಾಸು, ಸರಿಹೋಯಿತು. ಟ್ರೇ ಮತ್ತು ಹಿಡಿ ನೀರಿನಲ್ಲಿ ಮುಳುಗಿದವು, ಉಪ್ಪುನೀರಿನಲ್ಲಿ ತೇಲಿದವು. ಪಿನ್ ಎರಡರಲ್ಲೂ ಮುಳುಗಿತು. ನೈಲಾನ್ ಸಾಂದ್ರತೆ 1.14ರ ಹತ್ತಿರ ಇರುವುದರಿಂದ ಅದರ ಮೇಲೆ ಅನುಮಾನ ಬಂತು.

ಆಮೇಲೆ ಬೆಂಕಿ. ಇದನ್ನು ಮನೆಯ ಹೊರಗೆ, ಅಕ್ಕಿಕಾಳಿನಷ್ಟು ಚೂರಿನಲ್ಲಿ, ಇಕ್ಕಳದಲ್ಲಿ ಹಿಡಿದು ಮಾಡಿ. ಹೊಗೆಗೆ ಮೂಗು ಒಡ್ಡಬೇಡಿ, ಗಾಳಿಯಲ್ಲಿ ತೇಲಿ ಬರುವಷ್ಟು ವಾಸನೆ ಸಾಕು. ಪೆಟ್ಟಿಗೆಯ ಚೂರು ಥೇಟ್ ಮೇಣದ ಬತ್ತಿಯಂತೆ ಉರಿದು ತೊಟ್ಟಿಕ್ಕಿತು, ವಾಸನೆಯೂ ಆರಿದ ಬತ್ತಿಯದೇ. ಇಬ್ಬರೂ ಒಂದೇ ವಂಶ ತಾನೇ. ಟ್ರೇಯ ಚೂರು ಕಪ್ಪು ಮಸಿಯ ಎಳೆಗಳನ್ನು ಉಗುಳಿತು. ಪಾಲಿಸ್ಟೈರೀನ್ ಸರಪಳಿಯಲ್ಲಿ ಒಂದು ಬಿಟ್ಟು ಒಂದು ಕಾರ್ಬನ್‌ಗೆ ಬೆಂಜೀನ್ ಉಂಗುರ ನೇತಾಡುತ್ತದೆ. ಎಂಟು ಕಾರ್ಬನ್‌ಗೆ ಎಂಟೇ ಹೈಡ್ರೋಜನ್. ಪಾಲಿಪ್ರೊಪಿಲೀನ್‌ನಲ್ಲಿ ಮೂರಕ್ಕೆ ಆರು. ಕಾರ್ಬನ್ ಪಾಲು ಜಾಸ್ತಿ ಆದಷ್ಟೂ ಪೂರ್ತಿ ಉರಿಯದೆ ಮಸಿಯಾಗುತ್ತದೆ. ಹಿಡಿಯ ಚೂರೂ ಮಸಿ ಬಿಟ್ಟಿತು. ಆದರೆ ಹಿಡಿ ಕಪ್ಪಗೆ, ಬಗ್ಗಿಸಿದರೆ ಬಿಳಿಚಿಕೊಂಡು ಬಾಗುವಂಥದ್ದು. ಅಸಿಟೋನ್ ತಾಗಿಸಿದರೆ ಕೂಡಲೇ ಜಿಗುಟಾಯಿತು. ಹಾಗಾಗಿ ಎಬಿಎಸ್ ಅನ್ನುವ ಪ್ಲಾಸ್ಟಿಕ್ ಅಂತ ತೀರ್ಮಾನಿಸಿದೆ. ಪಿನ್ ಸುಟ್ಟಾಗ ಕೂದಲು ಸುಟ್ಟ ವಾಸನೆ. ನೈಲಾನ್ ಅನ್ನುವುದು ಖಾತ್ರಿಯಾಯಿತು.

ಇಷ್ಟು ಹೊತ್ತಿಗೆ ಟ್ರೇಯಲ್ಲಿ ಇನ್ನೊಂದು ವಿಚಿತ್ರ ಕಂಡಿತು. ಬೀಳುವ ಮೊದಲೇ ಆಗಿದ್ದ ಗಾಯ. ತಳದಲ್ಲಿ ಹಾವು ಹರಿದಂತೆ ಒಂದು ಕೊರಕಲು, ಅದರೊಳಗೆ ವಿದ್ಯುತ್ ತಂತಿಯ ಒಂದು ತುಂಡು ಅರ್ಧ ಹೂತುಹೋಗಿ ಅಂಟಿಕೊಂಡಿತ್ತು. ಯಾರೂ ಬಿಸಿ ಮಾಡಿರಲಿಲ್ಲ. ತಂತಿ ಸುಮ್ಮನೆ ಒಂದೆರಡು ವರ್ಷ ಅಲ್ಲಿ ಬಿದ್ದಿತ್ತು ಅಷ್ಟೇ.

ತಂತಿಯ ಹೊದಿಕೆ ಏನು ಅಂತ ನೋಡಲು ಬೈಲ್‌ಸ್ಟೈನ್ ಪರೀಕ್ಷೆ ಮಾಡಿದೆ. 1872ರಿಂದ ಬಳಕೆಯಲ್ಲಿರುವ ಸರಳ ಉಪಾಯ. ತಾಮ್ರದ ತಂತಿಯನ್ನು ಜ್ವಾಲೆಗೆ ಬಣ್ಣ ಬರುವುದು ನಿಲ್ಲುವ ತನಕ ಕಾಯಿಸಿ, ಬಿಸಿ ಇರುವಾಗಲೇ ಪ್ಲಾಸ್ಟಿಕ್‌ಗೆ ಮುಟ್ಟಿಸಿ, ಮತ್ತೆ ಜ್ವಾಲೆಗೆ ಹಿಡಿಯುವುದು. ಕ್ಲೋರಿನ್ ಇದ್ದರೆ ಜ್ವಾಲೆ ಹಸಿರಾಗುತ್ತದೆ. ಗಿಳಿಹಸಿರು ಬಂತು. ಪಿವಿಸಿ. ಈ ಹೊಗೆ ಒಳ್ಳೆಯದಲ್ಲ, ಹೈಡ್ರೋಜನ್ ಕ್ಲೋರೈಡ್ ಬರುತ್ತದೆ. ಒಮ್ಮೆ ನೋಡಿ ನಿಲ್ಲಿಸಿ.

ಪಿವಿಸಿ ತನ್ನಷ್ಟಕ್ಕೆ ಗಡಸು, ನೀರಿನ ಪೈಪಿನಂತೆ. ತಂತಿಯ ಹೊದಿಕೆ ಬಾಗಬೇಕಾದರೆ ಅದರ ಸರಪಳಿಗಳ ನಡುವೆ ಎಣ್ಣೆಯಂಥ ಎಸ್ಟರ್‌ಗಳನ್ನು ತುಂಬುತ್ತಾರೆ. ಥ್ಯಾಲೇಟ್‌ಗಳು ಅವುಗಳಲ್ಲಿ ಹೆಚ್ಚು ಹೆಸರಾದವು. ಅವು ಪಿವಿಸಿಗೆ ರಾಸಾಯನಿಕ ಬಂಧದಿಂದ ಕಟ್ಟಿಕೊಂಡಿರುವುದಿಲ್ಲ, ಬಾಡಿಗೆಗೆ ಇದ್ದಂತೆ. ಪಕ್ಕದಲ್ಲಿ ಇನ್ನೂ ಹಿತವಾದ ಮನೆ ಸಿಕ್ಕರೆ ನಿಧಾನಕ್ಕೆ ಅಲ್ಲಿಗೆ ಜಾರುತ್ತವೆ. ಪಾಲಿಸ್ಟೈರೀನ್ ಅವಕ್ಕೆ ಅಂಥ ಮನೆ. ಒಳಗೆ ನುಗ್ಗಿ ಅದನ್ನು ಮೆತ್ತಗೆ ಮಾಡುತ್ತವೆ. ಟ್ರೇ ಕರಗಿದ್ದು ಹಾಗೆ. ಥರ್ಮೋಕೋಲ್ ಕೂಡ ಪಾಲಿಸ್ಟೈರೀನೇ. ಅದರ ಪಕ್ಕ ವೈರು ಸುತ್ತಿ ಇಡುವವರು ಇದನ್ನು ನೆನಪಿಡಿ.

ಪೆಟ್ಟಿಗೆಯ ಮೈ

ಹೆಚ್ಚು ಸಮಯ ತಿಂದದ್ದು ಇದೇ. ಬಿರುಕಿಗೆ ಅಂಟು ಬೇಡ, ಬೆಸುಗೆ ಹಾಕೋಣ ಅಂತ ನಿರ್ಧಾರ ಮಾಡಿದೆ. ಕೊಕ್ಕೆ ಇಲ್ಲದಿದ್ದರೇನು, ಎರಡೂ ಬದಿಯ ಹಗ್ಗಗಳನ್ನು ಕರಗಿಸಿ ಒಂದಕ್ಕೊಂದು ಹೆಣೆದುಬಿಟ್ಟರೆ ಆಯಿತಲ್ಲ.

ಬಿರುಕಿನ ಕೊನೆಗೆ 3 ಮಿಲಿಮೀಟರ್ ತೂತು ಕೊರೆದೆ. ಇಲ್ಲದಿದ್ದರೆ ಬೆಸುಗೆ ಮುಗಿಸಿದ ಮೇಲೂ ಬಿರುಕು ಮುಂದಕ್ಕೆ ಓಡುತ್ತದೆ. ಉದ್ದಕ್ಕೂ ಚಾಕುವಿನಿಂದ ಇಳಿಜಾರು ಕಾಲುವೆ ತೆಗೆದೆ, ಆಳ ದಪ್ಪದ ಮುಕ್ಕಾಲರಷ್ಟು. ತುಂಬಲು ಪಟ್ಟಿ ಬೇಕಿತ್ತು. ಕೈಗೆ ಸಿಕ್ಕ ಒಂದು ಹಳೆಯ ಬಾಟಲಿ ಕತ್ತರಿಸಿದೆ, ಅದರ ಗುರುತು 2. ಅಂದರೆ ಹೆಚ್ಚು ಸಾಂದ್ರತೆಯ ಪಾಲಿಥೀನ್. ಎರಡೂ ಕಾರ್ಬನ್–ಹೈಡ್ರೋಜನ್ ಹಗ್ಗವೇ, ಒಂದೇ ಜಾತಿ, ಬೆರೆಯುತ್ತವೆ ಅಂದುಕೊಂಡೆ. ಸೋಲ್ಡರಿಂಗ್ ಐರನ್‌ನ ಹಳೆಯ ತುದಿ ಹಾಕಿ, 250 ಡಿಗ್ರಿಗೆ ಇಟ್ಟು, ಒತ್ತಿ ಒತ್ತಿ ತುಂಬಿದೆ. ನೋಡಲು ಬಲು ಚೆಂದ ಬಂತು.

ಮರುದಿನ ಉಗುರಿನಿಂದ ಕಿತ್ತರೆ ಸಿಪ್ಪೆಯಂತೆ ಉದ್ದಕ್ಕೂ ಎದ್ದು ಬಂತು.

ನಂಟಸ್ತಿಕೆ ಇದ್ದ ಮಾತ್ರಕ್ಕೆ ಹೊಂದಾಣಿಕೆ ಇರಲೇಬೇಕು ಅಂತ ಇಲ್ಲ. ಪಾಲಿಮರ್ ಸರಪಳಿಗಳು ಇಷ್ಟು ಉದ್ದ ಇರುವಾಗ ಸಣ್ಣ ವ್ಯತ್ಯಾಸವೂ ಅವನ್ನು ಬೇರೆಬೇರೆ ಇಡುತ್ತದೆ. ಪಾಲಿಥೀನ್‌ಗೆ ಪಕ್ಕದ ಮೊಳಕೆ ಇಲ್ಲ, ಪಾಲಿಪ್ರೊಪಿಲೀನ್‌ಗೆ ಇದೆ. ಕರಗುವ ಬಿಸಿಯೂ ಬೇರೆ. ಮೊದಲನೆಯದು 130 ಡಿಗ್ರಿ ಆಸುಪಾಸಿನಲ್ಲಿ, ಎರಡನೆಯದು 160ರಿಂದ 165ರಲ್ಲಿ. ತಣ್ಣಗಾಗುವಾಗ ಎರಡೂ ತಮ್ಮ ತಮ್ಮ ಹರಳು ಕಟ್ಟಿಕೊಂಡು ದೂರ ಸರಿಯುತ್ತವೆ.

ಹರಳು ಅಂದೆನಲ್ಲ, ಇದು ನನಗೆ ತುಂಬಾ ಇಷ್ಟವಾದ ವಿಷಯ. ಪಾಲಿಪ್ರೊಪಿಲೀನ್‌ನ ಮೀಥೈಲ್ ಮೊಳಕೆಗಳು ಅಡ್ಡಾದಿಡ್ಡಿ ಕೂತರೆ ಸಿಗುವುದು ಮೆತ್ತಗಿನ ಅಂಟಂಟು ಮುದ್ದೆ. ಎಲ್ಲವೂ ಒಂದೇ ಬದಿಗೆ ಕೂತರೆ ಸರಪಳಿಗಳು ಸುರುಳಿಯಾಗಿ ಒತ್ತೊತ್ತಾಗಿ ಜೋಡಿಸಿಕೊಂಡು ಗಟ್ಟಿ ಪ್ಲಾಸ್ಟಿಕ್ ಆಗುತ್ತದೆ. ಸೂತ್ರ ಒಂದೇ, ಪರಮಾಣುಗಳ ಲೆಕ್ಕ ಒಂದೇ, ಬದಲಾಗಿದ್ದು ಸಾಲು ಮಾತ್ರ. ಕಾರ್ಲ್ ಜೀಗ್ಲರ್ ಅವರ ಬಗೆಯ ವೇಗವರ್ಧಕ ಬಳಸಿ ಜೂಲಿಯೋ ನಟ್ಟಾ 1954ರಲ್ಲಿ ಈ ಸಾಲಾಗಿ ಕೂತ ರೂಪವನ್ನು ಪಡೆದರು. 1963ರಲ್ಲಿ ಇಬ್ಬರಿಗೂ ರಸಾಯನಶಾಸ್ತ್ರದ ನೊಬೆಲ್ ಬಂತು. ಆ ಸಾಲು ಇಲ್ಲದಿದ್ದರೆ ನನ್ನ ಪೆಟ್ಟಿಗೆ ಮೆಟ್ಟಿಲಿಂದ ಉರುಳುತ್ತಿರಲಿಲ್ಲ, ಮೆತ್ತಿಕೊಳ್ಳುತ್ತಿತ್ತು.

ಸರಿ. 5ರ ಗುರುತಿನ ಹಳೆಯ ಡಬ್ಬಿಯ ಮುಚ್ಚಳ ಹುಡುಕಿ ಪಟ್ಟಿ ಕತ್ತರಿಸಿದೆ. ಈ ಸಲ ಕಾಲುವೆಯ ಎರಡೂ ದಡ ಮೊದಲು ಕರಗಿಸಿ, ಆಮೇಲೆ ಪಟ್ಟಿ ಇಳಿಸಿದೆ. ಐರನ್‌ನ ತುದಿಯನ್ನು ಸಣ್ಣಗೆ ಸುತ್ತಿಸುತ್ತಾ ಎರಡನ್ನೂ ಕಲಸಿದೆ. ಹೊಗೆ ಬಂದರೆ ಬಿಸಿ ಜಾಸ್ತಿ ಅಂತ ಅರ್ಥ, ಸರಪಳಿಗಳು ತುಂಡಾಗುತ್ತಿವೆ. ಒಳಗಿನಿಂದಲೂ ಒಂದು ಸಾಲು ಹಾಕಿದೆ, ಸ್ಟೀಲ್ ಜಾಲರಿಯ ಕಿರಿದಾದ ಪಟ್ಟಿಯನ್ನು ಹೂತು. ಕುರೂಪಿ ಗಾಯದ ಗುರುತು ಉಳಿಯಿತು. ಆದರೆ ಎರಡು ಕೈಯಲ್ಲಿ ತಿರುಚಿದರೂ ಜಗ್ಗಲಿಲ್ಲ.

ಹಿಂಜ್ ಮೂಲೆ: ಬೆಂಕಿಯಿಂದ ಕೊಕ್ಕೆ

ಇಲ್ಲಿ ಪ್ಲಾಸ್ಟಿಕ್ಕೇ ಪುಡಿಯಾಗಿತ್ತು. ಅಲ್ಯೂಮಿನಿಯಂ ತಗಡನ್ನು ಮೂಲೆಗೆ ಬಗ್ಗಿಸಿ ಅಂಟಿಸಬೇಕು. ಪ್ಲಾಸ್ಟಿಕ್‌ಗೂ ಲೋಹಕ್ಕೂ ಬೆಸುಗೆ ಆಗುವುದಿಲ್ಲ, ಅಂಟೇ ಗತಿ. ಹಾಗಾದರೆ ಪಾಲಿಪ್ರೊಪಿಲೀನ್‌ಗೆ ಕೊಕ್ಕೆ ನಾವೇ ಹಚ್ಚಬೇಕು.

ಕಾರ್ಖಾನೆಗಳಲ್ಲಿ ಕಾರಿನ ಬಂಪರ್‌ಗೆ ಬಣ್ಣ ಹಚ್ಚುವ ಮೊದಲು ಜ್ವಾಲೆ ಹಾಯಿಸುವ ಪದ್ಧತಿ ಇದೆ. ನೀಲಿ ಜ್ವಾಲೆಯ ಹೊರತುದಿಯಲ್ಲಿ ಚುರುಕಾದ ಆಕ್ಸಿಜನ್ ತುಣುಕುಗಳು ತುಂಬಿರುತ್ತವೆ. ಅವು ಮೇಲ್ಮೈಯ ಹೈಡ್ರೋಜನ್‌ಗಳನ್ನು ಕಿತ್ತು ಆ ಜಾಗದಲ್ಲಿ ಹೈಡ್ರಾಕ್ಸಿಲ್, ಕಾರ್ಬೊನಿಲ್, ಕಾರ್ಬಾಕ್ಸಿಲ್ ಗುಂಪುಗಳನ್ನು ಕೂರಿಸುತ್ತವೆ. ಅಕ್ಕನ ಮಗಳ ಬಾಯಿಪಾಠದ ಪಟ್ಟಿಯೇ ಪ್ಲಾಸ್ಟಿಕ್ ಮೇಲೆ ಬಂದು ಕೂರುತ್ತದೆ.

ನೇರ ಪೆಟ್ಟಿಗೆಯ ಮೇಲೆ ಪ್ರಯೋಗ ಮಾಡುವ ಧೈರ್ಯ ಬರಲಿಲ್ಲ. ಉಳಿದ ಮುಚ್ಚಳದಿಂದ ಮೂರು ಪಟ್ಟಿ ಕತ್ತರಿಸಿದೆ. ಮೂರನ್ನೂ ಆಲ್ಕೋಹಾಲ್‌ನಿಂದ ಒರೆಸಿದೆ. ಒಂದನ್ನು ಹಾಗೇ ಬಿಟ್ಟೆ. ಇನ್ನೊಂದನ್ನು ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿದೆ. ಮೂರನೆಯದಕ್ಕೆ ಸಣ್ಣ ಟಾರ್ಚ್‌ನ ನೀಲಿ ಜ್ವಾಲೆಯ ತುದಿಯನ್ನು ಬೀಸಿ ಹಾಯಿಸಿದೆ. ಒಂದು ಸಲಕ್ಕೆ ಅರ್ಧ ಸೆಕೆಂಡಿಗಿಂತ ಜಾಸ್ತಿ ಇಲ್ಲ, ಹೀಗೆ ಮೂರು ಸಲ. ಹೊಳಪು ಬದಲಾಗಬಾರದು, ಕರಗಲೇಬಾರದು.

ಮೂರರ ಮೇಲೂ ನೀರಿನ ಹನಿ. ಮೊದಲೆರಡರಲ್ಲಿ ಗುಂಡಗೆ ನಿಂತಿತು. ಮೂರನೆಯದರಲ್ಲಿ ಚಪ್ಪಟೆಯಾಗಿ ಹರಡಿತು. ಕಣ್ಣಿಗೆ ಮೂರೂ ಪಟ್ಟಿ ಒಂದೇ ಥರ. ಆ ಗುಂಪುಗಳು ಬಂದು ಕೂತಿವೆ ಅಂತ ಹೇಳಿದ್ದು ನೀರು ಮಾತ್ರ. ಅಕ್ಕನ ಮಗಳು ಹತ್ತು ಸಲ ಹನಿ ಹಾಕಿ ನೋಡಿದಳು. ಸತ್ಯವಾಗಿ ಹೇಳುತ್ತೇನೆ, ಇಡೀ ವಾರದಲ್ಲಿ ನನಗೆ ಹೆಚ್ಚು ಖುಷಿ ಕೊಟ್ಟ ಗಳಿಗೆ ಅದೇ.

ಅಂಟು ಎರಡು ಟ್ಯೂಬಿನ ಇಪಾಕ್ಸಿ, ನಿಧಾನ ಗಟ್ಟಿಯಾಗುವಂಥದ್ದು. ಒಂದರಲ್ಲಿ ಇಪಾಕ್ಸೈಡ್ ಗುಂಪು. ಎರಡು ಕಾರ್ಬನ್, ಒಂದು ಆಕ್ಸಿಜನ್ ಸೇರಿದ ಮೂರು ಮೂಲೆಯ ಉಂಗುರ. ಕಾರ್ಬನ್‌ಗೆ ಅಷ್ಟು ಬಗ್ಗಿ ಕೂರುವುದು ಹಿಂಸೆ, ಬಿಗಿದ ಸ್ಪ್ರಿಂಗ್‌ನಂತೆ ಇರುತ್ತದೆ. ಇನ್ನೊಂದು ಟ್ಯೂಬಿನಲ್ಲಿ ನೈಟ್ರೋಜನ್ ಹೊತ್ತ ಅಮೈನ್. ಅದರ ನೈಟ್ರೋಜನ್ ಬಂದು ಉಂಗುರ ಬಿಡಿಸುತ್ತದೆ. ಉಂಗುರ ಬಿಚ್ಚಿದಲ್ಲೆಲ್ಲ ಒಂದು ಹೈಡ್ರಾಕ್ಸಿಲ್ ಉಳಿಯುತ್ತದೆ. ಒಂದೊಂದು ಅಮೈನ್ ಅಣುವೂ ಹಲವು ಉಂಗುರಗಳನ್ನು ಹಿಡಿಯುವುದರಿಂದ ಕೊನೆಗೆ ಸರಪಳಿಯಲ್ಲ, ಬಲೆ. ಇದನ್ನು ಮತ್ತೆ ಕರಗಿಸಲು ಆಗದು. ಆ ಹೈಡ್ರಾಕ್ಸಿಲ್‌ಗಳು ಒಂದು ಕಡೆ ಅಲ್ಯೂಮಿನಿಯಂ ಮೇಲಿನ ಆಕ್ಸೈಡ್ ಪದರವನ್ನು, ಇನ್ನೊಂದು ಕಡೆ ಜ್ವಾಲೆ ತಂದಿಟ್ಟ ಗುಂಪುಗಳನ್ನು ಹಿಡಿಯುತ್ತವೆ. ಬೆರೆಸುವಾಗ ಕೈಗವಸು ಹಾಕಿ. ಪದೇ ಪದೇ ಚರ್ಮಕ್ಕೆ ತಾಗಿದರೆ ಅಲರ್ಜಿ ಆಗುತ್ತದೆ, ಒಮ್ಮೆ ಶುರುವಾದರೆ ಅದು ಬಿಡುವುದಿಲ್ಲ.

ಮೂರೂ ಪಟ್ಟಿಗೆ ಈ ಅಂಟು ಹಾಕಿ, ಒಂದು ದಿನ ಬಿಟ್ಟು ಕಿತ್ತು ನೋಡಿದೆ. ಹಾಗೇ ಬಿಟ್ಟದ್ದು ಕೈಯಲ್ಲಿ ಎತ್ತುವಾಗಲೇ ಬಿಟ್ಟುಕೊಂಡಿತು. ಉಜ್ಜಿದ್ದು ಉಗುರಿಗೆ ಎದ್ದಿತು. ಜ್ವಾಲೆ ಹಾಯಿಸಿದ್ದಕ್ಕೆ ಇಕ್ಕಳ ಬೇಕಾಯಿತು, ಪಟ್ಟಿ ಬಾಗಿ ಬೆಳ್ಳಗಾಯಿತೇ ಹೊರತು ಅಂಟು ಬಿಡಲಿಲ್ಲ.

ಪೆಟ್ಟಿಗೆಗೂ ಹಾಗೇ ಮಾಡಿದೆ. ಅಲ್ಯೂಮಿನಿಯಂ ಅನ್ನು ಉಜ್ಜಿ, ಪ್ಲಾಸ್ಟಿಕ್‌ಗೆ ಜ್ವಾಲೆ ಹಾಯಿಸಿ, ಹತ್ತು ನಿಮಿಷದೊಳಗೆ ಅಂಟಿಸಿ ಕ್ಲಾಂಪ್ ಹಾಕಿದೆ. ತಡ ಮಾಡಬಾರದು. ಮೇಲ್ಮೈಯ ಸರಪಳಿಗಳು ನಿಧಾನಕ್ಕೆ ತಿರುಗಿ ಆ ಗುಂಪುಗಳನ್ನು ಒಳಗೆ ಮಡಚಿಕೊಳ್ಳುತ್ತವೆ. ನಂಬಿಕೆ ಪೂರ್ತಿ ಇತ್ತು. ಆದರೂ ಎರಡು ಸಣ್ಣ ರಿವೆಟ್ ಹೊಡೆದೆ.

ಒಡೆದ ಮೂಲೆಯ ಅಂಚಿನಲ್ಲಿ ಬಿಳಿ ಪುಡಿ ಕಂಡಿತ್ತು. ಬಿಸಿಲಿನ ಕೆಲಸ. ಪೆಟ್ಟಿಗೆಯ ಆ ಬದಿ ವರ್ಷಗಟ್ಟಲೆ ಕಿಟಕಿಯ ಕಡೆ ಇತ್ತು. ಮೀಥೈಲ್ ಮೊಳಕೆ ಇರುವ ಕಾರ್ಬನ್‌ನ ಒಂಟಿ ಹೈಡ್ರೋಜನ್ ಸುಲಭಕ್ಕೆ ಕಿತ್ತುಬರುತ್ತದೆ. ಅಲ್ಲಿ ಆಕ್ಸಿಜನ್ ಕೂತು, ಆಮೇಲೆ ಸರಪಳಿಯೇ ತುಂಡಾಗುತ್ತದೆ. ಅಂದರೆ ಜ್ವಾಲೆ ಮಾಡಿದ್ದೂ ಬಿಸಿಲು ಮಾಡಿದ್ದೂ ಹೆಚ್ಚುಕಡಿಮೆ ಒಂದೇ ಕೆಲಸ. ಜ್ವಾಲೆ ಅರ್ಧ ಸೆಕೆಂಡಿನಲ್ಲಿ ಮೇಲ್ಪದರದಲ್ಲಿ ಮಾಡಿದ್ದನ್ನು ಬಿಸಿಲು ವರ್ಷಾನುಗಟ್ಟಲೆ ಒಳಗಿನವರೆಗೂ ಮಾಡಿತ್ತು. ಹಾಗಾಗಿ ಮೊದಲು ಆ ಪುಡಿಯ ಪದರವನ್ನು ಗಟ್ಟಿ ಪ್ಲಾಸ್ಟಿಕ್ ಸಿಗುವ ತನಕ ಕೆರೆದು ತೆಗೆದಿದ್ದೆ.

ಹಿಡಿ, ಟ್ರೇ, ಪಿನ್

ಹಿಡಿ ಸಲೀಸಾಯಿತು. ಎಬಿಎಸ್‌ನಲ್ಲಿ ಮೂವರು ಇದ್ದಾರೆ. ನೈಟ್ರೈಲ್ ಕೊಕ್ಕೆ ಹೊತ್ತ ಅಕ್ರಿಲೋನೈಟ್ರೈಲ್, ರಬ್ಬರಿನಂತೆ ಪೆಟ್ಟು ತಡೆಯುವ ಬ್ಯುಟಡೈಈನ್, ಬಿರುಸು ಕೊಡುವ ಸ್ಟೈರೀನ್. ಕೆಟ್ಟುಹೋದ ಕಂಪ್ಯೂಟರ್ ಮೌಸ್‌ನ ಚಿಪ್ಪಿನ ಮೇಲೆ ‘ಎಬಿಎಸ್’ ಅಂತ ಅಚ್ಚಿತ್ತು. ಅದನ್ನು ಚೂರು ಮಾಡಿ ಗಾಜಿನ ಶೀಶೆಗೆ ಹಾಕಿ, ಮುಳುಗುವಷ್ಟು ಅಸಿಟೋನ್ ಹೊಯ್ದು ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ದಪ್ಪ ಗಂಜಿಯಾಗಿತ್ತು. ಮುರಿದ ಎರಡೂ ಮುಖಕ್ಕೆ ಬರೀ ಅಸಿಟೋನ್ ಸವರಿ, ಮೆತ್ತಗಾದ ಮೇಲೆ ಗಂಜಿ ಹಚ್ಚಿ ಒತ್ತಿದೆ. ಅಸಿಟೋನ್ 56 ಡಿಗ್ರಿಗೇ ಕುದಿಯುವ ಕೀಟೋನ್, ಬೇಗ ಹಾರಿಹೋಗುತ್ತದೆ. ಬೆಂಕಿಯ ಹತ್ತಿರ ಮಾತ್ರ ತರಬೇಡಿ. ಹಾರಿಹೋದ ಮೇಲೆ ಉಳಿಯುವುದು ಒಂದರೊಳಗೊಂದು ಸಿಕ್ಕು ಬಿದ್ದ ಸರಪಳಿಗಳು. ಇಲ್ಲಿ ಅಂಟು ಅನ್ನುವುದೇ ಇಲ್ಲ. ಎರಡು ದಿನ ಒಣಗಿಸಿ ಅರದಿಂದ ಉಜ್ಜಿದರೆ ಜೋಡಿಸಿದ ಜಾಗ ಕಾಣದಾಯಿತು.

ಅದೇ ಹುಮ್ಮಸ್ಸಿನಲ್ಲಿ ಟ್ರೇ ಮುಚ್ಚಳಕ್ಕೂ ಅಸಿಟೋನ್ ಬಿಟ್ಟೆ. ಅಂಟಿತು, ಆದರೆ ಸುತ್ತಲೂ ಜೇಡರ ಬಲೆಯಂತೆ ಬಿಳಿ ಗೀರುಗಳು ಎದ್ದವು. ಅಚ್ಚಿನಲ್ಲಿ ಎರಕ ಹೊಯ್ದಾಗ ಪಾಲಿಸ್ಟೈರೀನ್ ಒಳಗೆ ಉಳಿದ ಬಿಗಿತ ಅಸಿಟೋನ್ ತಾಗಿದಾಗ ಹಾಗೆ ಬಿರಿಯುತ್ತದೆ. ಎರಡನೇ ಜೋಡಣೆಗೆ ಆಟಿಕೆ ವಿಮಾನದ ಮಾಡೆಲ್ ಕಟ್ಟುವವರು ಬಳಸುವ ತೆಳು ಸಿಮೆಂಟ್ ಹಾಕಿದೆ. ಬ್ಯುಟೈಲ್ ಅಸಿಟೇಟ್ ಅನ್ನುವ ಎಸ್ಟರ್ ಅದರಲ್ಲಿದೆ, ನಿಧಾನಕ್ಕೆ ಆರುತ್ತದೆ. ಕುಂಚದಲ್ಲಿ ಒಂದು ಹನಿ ಮುಟ್ಟಿಸಿದರೆ ಸಂದಿನೊಳಗೆ ತಾನೇ ಎಳೆದುಕೊಂಡು ಹೋಯಿತು. ಗೀರು ಬರಲಿಲ್ಲ.

ನೈಲಾನ್ ಪಿನ್ ಅಂಟಿಸುವ ಗೋಜಿಗೆ ಹೋಗಲಿಲ್ಲ. 4 ಮಿಲಿಮೀಟರ್ ನೈಲಾನ್ ಕಡ್ಡಿಯಿಂದ ಹೊಸದು ಕತ್ತರಿಸಿದೆ. ಬಹಳ ದಿನ ಒಣಗಿದ ಜಾಗದಲ್ಲಿದ್ದ ಕಡ್ಡಿ, ಬಗ್ಗಿಸಿದರೆ ಪಟ್ ಅಂತ ಮುರಿಯಿತು. ಇನ್ನೊಂದನ್ನು ನೀರಿನಲ್ಲಿ ಒಂದು ಗಂಟೆ ಕುದಿಸಿದೆ. ಆಮೇಲೆ ಬಾಗಿತೇ ಹೊರತು ಮುರಿಯಲಿಲ್ಲ. ನೈಲಾನ್ ಹಗ್ಗದ ಉದ್ದಕ್ಕೂ ಅಮೈಡ್ ಕೊಕ್ಕೆಗಳಿವೆ, ಕಾರ್ಬನ್, ಆಕ್ಸಿಜನ್, ನೈಟ್ರೋಜನ್ ಸೇರಿದವು. ಪಕ್ಕಪಕ್ಕದ ಸರಪಳಿಗಳು ಅವುಗಳಿಂದ ಒಂದನ್ನೊಂದು ಬಿಗಿಯಾಗಿ ಹಿಡಿದಿರುತ್ತವೆ. ನೀರಿನ ಅಣುಗಳು ನಡುವೆ ಹೊಕ್ಕು ಹಿಡಿತ ಸಡಿಲಿಸಿದಾಗ ಸರಪಳಿಗಳಿಗೆ ಸ್ವಲ್ಪ ಜಾರಾಡಲು ಆಗುತ್ತದೆ. ಕೂದಲು, ರೇಷ್ಮೆಯ ಪ್ರೋಟೀನ್‌ಗಳಲ್ಲೂ ಇದೇ ಅಮೈಡ್ ಕೊಂಡಿ. ಪಿನ್ ಸುಟ್ಟಾಗ ಬಂದ ವಾಸನೆಯ ಗುಟ್ಟು ಅದು. ಡುಪಾಂಟ್ ಕಂಪನಿಯ ರಸಾಯನಶಾಸ್ತ್ರಜ್ಞ ವಾಲೆಸ್ ಕರೋಥರ್ಸ್ ಅವರ ತಂಡ 1935ರ ಫೆಬ್ರವರಿಯಲ್ಲಿ ನೈಲಾನ್ 66 ತಯಾರಿಸಿತು. ನೈಲಾನ್ ಮೊದಲು ಹೆಸರು ಮಾಡಿದ ಕೆಲಸಗಳಲ್ಲಿ ಒಂದು ರೇಷ್ಮೆ ಕಾಲುಚೀಲದ ಜಾಗ ತುಂಬಿದ್ದು.

ಮೂರು ತಿಂಗಳ ನಂತರ

ಬೆಸುಗೆ ಹಾಗೇ ಇದೆ. ಹಿಂಜ್ ಮೂಲೆಯೂ ಗಟ್ಟಿ. ಬೇಕಿದ್ದರೆ ರಿವೆಟ್‌ಗೆ ಆ ಶ್ರೇಯ ಕೊಡಿ, ನಾನು ಜಗಳ ಆಡುವುದಿಲ್ಲ. ಹಿಡಿಯಲ್ಲಿ ಪೂರ್ತಿ ಭಾರ ಎತ್ತುತ್ತೇನೆ. ಅಸಿಟೋನ್ ಹಾಕಿದ ಟ್ರೇ ಜೋಡಣೆ ಒಂದು ಗೀರಿನ ಗುಂಟ ಮತ್ತೆ ಬಿಟ್ಟಿತು. ಅದನ್ನು ಮಾಡೆಲ್ ಸಿಮೆಂಟ್‌ನಲ್ಲಿ ಮತ್ತೆ ಮಾಡಿದ್ದೇನೆ. ಪೆಟ್ಟಿಗೆ ಕಿಟಕಿಯಿಂದ ದೂರ ಸರಿದಿದೆ. ವೈರಿನ ತುಂಡುಗಳೆಲ್ಲ ಟ್ರೇ ಬಿಟ್ಟು ಕೆಳಗಿನ ಪಾಲಿಪ್ರೊಪಿಲೀನ್ ತಳಕ್ಕೆ ಇಳಿದಿವೆ. ಯಾರನ್ನೂ ಹಿಡಿದುಕೊಳ್ಳದ ಅದರ ಗುಣ ಅಲ್ಲಿ ಉಪಯೋಗಕ್ಕೆ ಬರುತ್ತಿದೆ.